ಸ್ಟೂಲು ಅಲುಗಾಡುತ್ತದೆಯೇ?

ಮಾರ್ಚ್ 8, ಭಾನುವಾರ. ಮಧ್ಯಾಹ್ನ

ಚರ್ಚು ಮುಗಿಸಿ ಎಂದಿನಂತೆ ಹೆಂಡತಿಯನ್ನು ನೋಡಲು ಹೋದೆ. ಕೋಟಿನ ಒಳಜೇಬಿನಲ್ಲಿ ಪೀಚ್ ಹಣ್ಣಿನ ಡಬ್ಬ. ಹೊರಗೆ ಹಿಡಿದುಕೊಂಡು ನಡೆದರೆ ಮನೆ ಸೇರುವುದರೊಳಗೆ ಸಿರಪ್ಪು ಹೆಪ್ಪುಗಟ್ಟುತ್ತದೆ. ಅದಕ್ಕೇ ಮೈಶಾಖದಲ್ಲಿ ಇಟ್ಟುಕೊಂಡು ಹೋಗುವುದು.

ಹೆಂಡತಿಗೆ ಈಗ ಒಂಬತ್ತು ತಿಂಗಳು. ಎರಡು ಹಲ್ಲು. ನಾನು ಮದುವೆಯಾಗಿದ್ದ ಬೊಲೆಟ್ ತೀರಿಕೊಂಡ ಮೇಲೆ ಊರಿನಲ್ಲಿ ಹುಟ್ಟಿದ ಮೊದಲ ಮಗು ಅವಳು, ತಮ್ಮನ ಮಗಳು ತುಪಾರ್ನಾಳ ಹೊಟ್ಟೆಯಲ್ಲಿ. ಬೊಲೆಟ್ ಎಂಬ ಹೆಸರು ಅವಳಿಗೇ ಹೋಯಿತು. ಹೆಸರು ಹೋದ ಕಡೆ ಆಳೂ ಹೋಗುತ್ತದೆ, ಇದರಲ್ಲಿ ಬರೆಯುವಂಥದ್ದೇನೂ ಇಲ್ಲ. ಊರೆಲ್ಲ ಅವಳನ್ನು ನನ್ನ ಹೆಂಡತಿ ಎಂದೇ ಕರೆಯುತ್ತದೆ, ನಾನೂ.

"ಏನ್ ಮೇಷ್ಟ್ರೇ, ಹೆಂಡ್ತಿ ನೋಡೋಕೆ ಬಂದ್ರೋ, ಇಲ್ಲಾ ನನ್ನ ಕಾಫಿ ಕುಡಿಯೋಕೋ?" ಅಂದಳು ಅಮಾಲಿಯಾ. ತುಪಾರ್ನಾಳ ಅತ್ತೆ. ಮನೆಯಲ್ಲಿದ್ದಾಗ ಒಲೆ ಪಕ್ಕದ ಕುರ್ಚಿ ಬಿಟ್ಟು ಕದಲದ ಹೆಂಗಸು. ಚರ್ಚಿನಲ್ಲಿ ಯಾವ ಹಾಡಾದರೂ ಮೊದಲು ಎತ್ತುವವಳು ಅವಳೇ. ವಿಧವೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ... ಇರಲಿ.

"ಎರಡಕ್ಕೂ" ಎಂದೆ.

"ಮೊದ್ಲು ಹೆಂಡ್ತಿ. ಬೊಲೆಟ್ ದೊಡ್ಡೋಳಿದ್ದಾಗ್ಲೂ ನಿಮ್ಮನ್ನ ಹೀಗೇ ಕಾಯಿಸ್ತಿದ್ಲು."

ಚಮಚೆಯಲ್ಲಿ ಪೀಚ್ ಕಿವುಚಿ ಸಿರಪ್ಪಿನಲ್ಲಿ ಅದ್ದಿ ಕೊಟ್ಟೆ. ಬಾಯಿ ಚಪ್ಪರಿಸಿ ನನ್ನ ಮೀಸೆ ಹಿಡಿದು ಎಳೆದಳು. ಎಲ್ಲರೂ ನಕ್ಕರು. "ಅದೇ ನಾಲಿಗೆ ನೋಡಿ!" ಅಂದಳು ಅಮಾಲಿಯಾ. ಹೌದು, ಅದೇ. ಕೊನೆಕೊನೆಗೆ ಅನ್ನನೀರು ಬೇಡ ಅಂದವಳು ಪೀಚ್ ಒಂದನ್ನು ಮಾತ್ರ ಬೇಡ ಅನ್ನಲಿಲ್ಲ.

ಎತ್ತಿಕೊಂಡರೆ ಮಗು ಬಹಳ ಹಗುರ. ತೋಳು ಒಣಮೀನಿನಂತೆ. ಚಳಿಗಾಲಕ್ಕೆ ಮಕ್ಕಳು ಇಳಿದುಹೋಗುತ್ತವೆ, ಅಷ್ಟೇ.

ಅಮಾಲಿಯಾ ದ್ರಾಕ್ಷಿ ಕೇಕ್ ಕೊಟ್ಟಳು. ಬಹಳ ಚೆನ್ನಾಗಿದೆ ಎಂದೆ. ಅವಳು ಒಲೆ ಕಡೆ ತಿರುಗಿದಾಗ ಜೇಬಿಗೆ ಹೋಯಿತು. ದಾರಿಯಲ್ಲಿ ಅವಳ ಮಗ, ತುಪಾರ್ನಾಳ ಗಂಡ ಪಾವಿಯಾನ ಹಿಮದ ಬಂಡಿ ಎಳೆಯುವ ನಾಯಿಗಳು ಕಾಯುತ್ತಿದ್ದವು. ನನ್ನ ಹೆಜ್ಜೆ ಸದ್ದು ಅವಕ್ಕೆ ಗೊತ್ತು.

ಮಾರ್ಚ್ 11

ನರ್ಸ್ ಇಂಗರ್‌ಳ ಹುಟ್ಟುಹಬ್ಬ. ಕಾಫಿ ಕೂಟ. ಮೇಜಿನ ತುಂಬ ಅವಳ ದೇಶದ ಕೇಕುಗಳು... ಪದರದ್ದು, ಕೆನೆಯದ್ದು, ಸೇಬಿನದ್ದು. ಕೂಟಕ್ಕೆ ಹೋಗಿ ತಟ್ಟೆ ಮುಟ್ಟದೆ ಬಂದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಹಾಗಾಗಿ ಕೋಟಿನ ಎರಡೂ ಜೇಬಿಗೆ ಮೇಣದ ಕಾಗದ ಹೊದಿಸಿಕೊಂಡೇ ಹೋಗುತ್ತೇನೆ. ಇಂದು ನಾಲ್ಕು ತುಂಡು. "ಮೇಷ್ಟ್ರ ಹಾಗೆ ಕೇಕ್ ತಿನ್ನೋರು ಈ ತೀರದಲ್ಲೇ ಇಲ್ಲ" ಅಂದರು ಹೆಂಗಸರು. ಬಾಗಿ ವಂದಿಸಿದೆ.

ಸಕ್ಕರೆ ನನಗೆ ದಕ್ಕುವುದಿಲ್ಲ. ಯಾರೂ ಓದದ ಈ ಪುಟದಲ್ಲಿ ಬರೆಯುವುದಕ್ಕೂ ಕೈ ಹಿಂಜರಿಯುತ್ತದೆ. ಒಂದು ತುಂಡು ಒಳಗೆ ಹೋದರೆ ಸಾಕು, ಹೊಟ್ಟೆ ಡೋಲು, ಆಮೇಲೆ ಓಟ. ಚಿಕ್ಕಂದಿನಿಂದ ಹೀಗೇ. ಕಾಲೇಜಿನ ಹಾಸ್ಟೆಲಿನಲ್ಲಿ ಶನಿವಾರ ಸಿಹಿ ಸೂಪು ಕೊಡುತ್ತಿದ್ದರು. ಅಲ್ಲಿ ಬಿದ್ದ ಅಡ್ಡಹೆಸರು—ಓಡುವ ಯೋಕುಮ್. ಆಗಿನಿಂದ ಜೇಬು. ಬೊಲೆಟ್‌ಗೂ ಹೇಳಲಿಲ್ಲ. ಪಠ್ಯದಲ್ಲಿ ಒಂದು ವಾಕ್ಯ: ಕಾರ್ಬೋಹೈಡ್ರೇಟ್ ಈಸ್ ದಿ ಫ್ಯೂಯಲ್ ಆಫ್ ದಿ ಬಾಡಿ. ಮೆಟಬಾಲಿಸಂ ಅಂತಲೂ ಒಂದು ಪಾಠ ಇತ್ತು, ಈಗ ಸ್ಪೆಲಿಂಗ್ ಕೂಡ ನೆನಪಿಲ್ಲ. ಊರಿನ ಮಕ್ಕಳಿಗೆಲ್ಲ ಆ ಫ್ಯೂಯಲ್ ವಾಕ್ಯವನ್ನು ಬಾಯಿಪಾಠ ಮಾಡಿಸಿದವನು ನಾನೇ. ಮಾಡಿಸಿ ಮನೆಗೆ ಬಂದು ಸೀಲ್ ಮಾಂಸದ ಸಾರು, ತಿಮಿಂಗಿಲದ ತೊಗಲು, ಹಾಲಿಬಟ್ ಮೀನು. ನಾನು ಓದಿದೆ, ನನ್ನ ಹೊಟ್ಟೆ ಓದಲಿಲ್ಲ. ದಡ್ಡ ಮಗನನ್ನು ಮನೆಯೊಳಗೆ ಬಚ್ಚಿಟ್ಟ ಹಾಗೆ ಇಟ್ಟುಕೊಂಡಿದ್ದೇನೆ.

ಇಂಗರ್ ಡೆನ್ಮಾರ್ಕಿನಿಂದ ಗ್ರೀನ್‌ಲ್ಯಾಂಡಿಗೆ ಬಂದು ಎಷ್ಟೋ ವರ್ಷ. ಬೆಣ್ಣೆ, ಗಿಣ್ಣು, ಕೇಕು—ಎಲ್ಲ ದಕ್ಕುತ್ತದೆ. ಕೆಂಪು ಕೆನ್ನೆ, ಗುಂಡು ತೋಳು. ಅವಳನ್ನು ನೋಡಿದರೆ ಆ ವಾಕ್ಯ ನಿಜವೇ ಅನ್ನಿಸುತ್ತದೆ.

ಇಂದು ಅವಳು ಎಲ್ಲರೆದುರು ತುಪಾರ್ನಾಳನ್ನು ಹಿಡಿದುಕೊಂಡಳು. ನಮ್ಮ ಭಾಷೆಯನ್ನು ಪುಸ್ತಕ ಓದಿದಂತೆ ಆಡುತ್ತಾಳೆ. "ಮಗುವಿನ ತೂಕ ಇಳಿದಿದೆ. ನಾನು ಹಣ್ಣಿನ ಗಂಜಿಯ ಪುಡಿ ಕೊಟ್ಟಿದ್ದೇನೆ. ಜ್ವರದ ಸಿರಪ್ ಕೊಟ್ಟಿದ್ದೇನೆ. ಅದೆಲ್ಲ ಎಲ್ಲಿಗೆ ಹೋಗುತ್ತದೆ?"

ತುಪಾರ್ನಾ ತಲೆ ತಗ್ಗಿಸಿ ನಿಂತಳು. ಅಮಾಲಿಯಾ ಕಪ್ಪನ್ನು ಸದ್ದಾಗುವಂತೆ ಕೆಳಗಿಟ್ಟು, "ಎಲ್ಲಿಗೆ ಹೋಗುತ್ತೆ? ನಾನೇ ತಿಂದು ಹಿಂಗೆ ಊದ್ಕೊಂಡಿದೀನಿ, ಕಾಣಲ್ವಾ?" ಅಂದಳು. ಯಾರೂ ನಗಲಿಲ್ಲ.

ಮಾರ್ಚ್ 18, ಬುಧವಾರ

ಒಳ್ಳೆಯ ದಿನ. ಬಹಳ ಒಳ್ಳೆಯ ದಿನ.

ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿ ಪಟ್ಟಣದ ಹೊಸ ಡಾಕ್ಟರ್ ಬಂದರು. ಹೆಸರು ಹಾರ್ಮ್. ಹಾಲೆಂಡಿನವರು, ಡ್ಯಾನಿಶ್ ಅರೆಬರೆ. ಇಂಗರ್ ಯಾರದೋ ಹೆರಿಗೆ ಮಾಡಿಸಲು ಪಕ್ಕದ ಊರಿಗೆ ಹೋಗಿದ್ದಾಳೆ. ಇಂಟರ್‌ಪ್ರಿಟರ್ ಬೇಕು. ಇಂಗ್ಲಿಷ್ ಬಲ್ಲವರು ಯಾರು? ಯೋಕುಮ್ ಮೇಷ್ಟ್ರು! ಟೈ ಕಟ್ಟಿಕೊಂಡು ಹೋದೆ.

ಅಮಾಲಿಯಾಳ ಅಡುಗೆಮನೆಯಲ್ಲೇ ಮಗುವಿನ ಪರೀಕ್ಷೆ. ಡಾಕ್ಟರ್ ಕೇಳುವುದು, ನಾನು ಹೇಳುವುದು, ತುಪಾರ್ನಾ ಹುಬ್ಬು ಮೇಲೆತ್ತುವುದು. ಎರಡು ಮೂರು ಪ್ರಶ್ನೆ ಆದ ಮೇಲೆ ಡಾಕ್ಟರ್ ಪೆನ್ನು ಇಟ್ಟು, ಇವಳಿಗೆ ಎಲ್ಲದಕ್ಕೂ ಯಾಕೆ ಇಷ್ಟು ಆಶ್ಚರ್ಯ ಎಂದು ನನ್ನನ್ನೇ ಕೇಳಿದರು. "ಇಟ್ ಈಸ್ ಯೆಸ್, ಸರ್" ಎಂದೆ. ಹುಬ್ಬು ಎತ್ತಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ, ಇಷ್ಟೂ ತಿಳಿಯದೆ ಬಂದಿದ್ದಾರೆ ಪಾಪ.

ಆಮೇಲೆ ಕೇಳಿದರು: ಆರ್ ಹರ್ ಸ್ಟೂಲ್ಸ್ ಲೂಸ್?

ಒಂದು ಕ್ಷಣ ತಡವರಿಸಿದೆ. ಲೂಸ್, ಅಲುಗಾಡುವುದು. ಸ್ಟೂಲ್, ಗೊತ್ತೇ ಇದೆ. ಕಾಲೇಜಿನ ಲ್ಯಾಬಿನಲ್ಲಿ ನಾವೆಲ್ಲ ಕೂರುತ್ತಿದ್ದದ್ದು ಅದರ ಮೇಲೆಯೇ. ಓಹೋ, ಮನೆ ಹೇಗಿದೆ ನೋಡುತ್ತಿದ್ದಾರೆ. ಮಗು ಬಿದ್ದುಗಿದ್ದೀತೇ ಎಂದು. ಇಂಗರ್ ಏನಾದರೂ ಚಾಡಿ ಹೇಳಿರಬೇಕು.

"ಮಗು ಕೂರೋ ಸ್ಟೂಲು ಅಲ್ಲಾಡುತ್ತಾ ಅಂತ ಕೇಳ್ತಿದಾರೆ."

"ಸ್ಟೂಲಾ? ನಮ್ಮನೇಲಿ ಸ್ಟೂಲೆಲ್ಲಿದೆ ದೊಡ್ಡಪ್ಪ?"

"ಇಲ್ಲ ಅನ್ಬೇಡ್ವೇ" ಎಂದು ಅಮಾಲಿಯಾ ಮಧ್ಯೆ ಬಾಯಿ ಹಾಕಿದಳು. "ಗತಿಯಿಲ್ದೋರು ಅಂತ ಬರ್ಕೋತಾರೆ. ಇದೆ, ಬಂಡೆ ಹಾಗೆ ಗಟ್ಟಿ ಇದೆ ಅನ್ನಿ ಮೇಷ್ಟ್ರೇ."

"ನೋ ಸರ್. ವೆರಿ ಸ್ಟ್ರಾಂಗ್" ಎಂದೆ.

ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಯೂ ಮೀನ್ ಫರ್ಮ್?"

ಫರ್ಮ್! ಎಷ್ಟು ವರ್ಷದ ಮೇಲೆ ಕೇಳಿದ ಪದ. "ಯೆಸ್ ಸರ್. ಫರ್ಮ್."

"ಹೌ ಮೆನಿ?"

"ಓನ್ಲಿ ಒನ್, ಸರ್."

ಬರೆದುಕೊಂಡರು. ಹೋಗುವಾಗ ಕೈ ಕುಲುಕಿ, ಯುವರ್ ಇಂಗ್ಲಿಷ್ ಈಸ್ ಗುಡ್ ಅಂದರು. ಅಮಾಲಿಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗುವಿಗೆ ಫೇಲ್ಯೂರ್ ಟು ಥ್ರೈವ್ ಅಂತೆ. ಫೇಲ್ಯೂರ್ ಗೊತ್ತು. ಥ್ರೈವ್ ಮರೆತಿದೆ. ಡಿಕ್ಷನರಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ. ನಾಳೆ ನೋಡಬೇಕು.

ಮಾರ್ಚ್ 30

ನೋಡಲಿಲ್ಲ. ಹಾಲಿಬಟ್ ಸೀಸನ್, ಹಿಮದ ಮೇಲೇ ದಿನ ಕಳೆಯಿತು.

ಇಂದು ತುಪಾರ್ನಾ ನನ್ನ ಅಡುಗೆಮನೆಗೆ ಬಂದು ಬೂಟು ಕೂಡ ಬಿಚ್ಚದೆ ಕುಳಿತಳು. ಪಟ್ಟಣದ ಮಕ್ಕಳ ರಕ್ಷಣಾ ಕಚೇರಿಯಿಂದ ಸುದ್ದಿ. ಮಗುವಿಗೆ ಹೊಟ್ಟೆಯ ಕಾಯಿಲೆ ಇಲ್ಲ ಎಂದು ಡಾಕ್ಟರ್ ಬರೆದಿದ್ದಾರೆ. ಕಾಯಿಲೆ ಇಲ್ಲದೆ ತೂಕ ಇಳಿದರೆ ಏನರ್ಥ? ತಾಯಿ ತಿನ್ನಿಸುತ್ತಿಲ್ಲ. ಈಸ್ಟರ್ ಆದ ಮೇಲಿನ ಬುಧವಾರ ಅಧಿಕಾರಿ ಬರುತ್ತಾಳೆ. ಮಗುವನ್ನು ಪಟ್ಟಣದಲ್ಲಿ ಬೇರೆ ಮನೆಗೆ ಕೊಡುತ್ತಾರೆ.

"ನಾನು ತಿನ್ನಿಸ್ತೀನಿ ಅಂತ ನೀವು ಹೇಳಿದ್ರಿ ತಾನೆ ದೊಡ್ಡಪ್ಪ?"

"ಹೇಳ್ದೆ. ಯೆಸ್ ಅಂತಲೇ ಹೇಳ್ದೆ."

"ಮತ್ಯಾಕೆ ಹಿಂಗೆ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ನಿಮ್ಮ ಹೆಂಡ್ತಿ" ಅಂದಳು, "ಇನ್ನೊಂದ್ಸಲ ಹೋಗ್ತಾಳೆ." ಆಮೇಲೆ ಅಳು. ಅವಳ ಬೂಟಿನ ಹಿಮ ಕರಗಿ ನೆಲದ ಮೇಲೆ ಹರಿಯುತ್ತಿತ್ತು. ಒರೆಸಲು ಬಟ್ಟೆ ತಂದೆ.

ಏಪ್ರಿಲ್ 2

ಬಿ.ಪಿ. ಮಾತ್ರೆಗೆ ಕ್ಲಿನಿಕ್ಕಿಗೆ ಹೋಗಿದ್ದೆ. ನಮ್ಮ ಮನೆಸಾಲಿನ ಮುದುಕನಿಗೆ ಕೊಡಿ ಎಂದು ಇಂಗರ್ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಹೊರದೇಶದ ಮಾಲು. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ: ಸ್ಟೂಲ್.

ತಮಾಷೆಗೆ ಕೇಳಿದೆ, "ಇದ್ರಲ್ಲಿ ಸ್ಟೂಲು ಹೆಂಗೆ ಹಿಡಿಸುತ್ತೆ?"

ಇಂಗರ್ ನಕ್ಕು ನಕ್ಕು ಮೇಜು ಹಿಡಿದುಕೊಂಡಳು. ನಾನು ಬೇಕೆಂದೇ ಅಂದೆ ಅಂದುಕೊಂಡಳು. ಆಮೇಲೆ ಡ್ಯಾನಿಶ್ ಪದ ಹೇಳಿದಳು. ನಾನೂ ನಕ್ಕೆ. ನಗುತ್ತಲೇ ಬಾಗಿಲವರೆಗೆ ಬಂದೆ. ಮಾತ್ರೆ ಅಲ್ಲೇ ಬಿಟ್ಟು ಬಂದಿದ್ದೇನೆ.

ಅದೇ ದಿನ, ಸಂಜೆಗೆ ಮುಂಚೆ

ಪೆಟ್ಟಿಗೆ ಎಳೆದು ಡಿಕ್ಷನರಿ ತೆಗೆದೆ. ಸ್ಟೂಲ್—ಮೊದಲ ಅರ್ಥ ನನ್ನದು. ಕೂರುವುದು. ಮೂರನೆಯ ಅರ್ಥ ಡಾಕ್ಟರದ್ದು. ಮಲ.

ಗಟ್ಟಿಯಾಗಿದೆ ಸರ್. ಒಂದೇ ಒಂದು ಸರ್.

ಟೈ ಬೇರೆ ಕಟ್ಟಿಕೊಂಡಿದ್ದೆ.

ನೇರ ತುಪಾರ್ನಾಳ ಮನೆಗೆ. ಅಮಾಲಿಯಾ ಮೀನು ಶೆಡ್ಡಿಗೆ ಹೋಗಿದ್ದಳು, ಪುಣ್ಯ. ಗೋಡೆ ನೋಡುತ್ತ ಕೇಳಿದೆ... ಮಗುವಿಗೆ ಹೊಟ್ಟೆ... ಹೊರಕಡೆ... ಹೇಗೆ?

"ನೀರು" ಅಂದಳು. "ದಿನಾ. ಹಣ್ಣಿನ ಗಂಜಿ ಶುರು ಮಾಡ್ದಾಗಿಂದ. ತೊಡೆಯೆಲ್ಲ ಹುಣ್ಣು."

"ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಆ ಡಾಕ್ಟ್ರು ಸ್ಟೂಲು ಕುರ್ಚಿ ಅಂತ ಕೇಳ್ಕೊಂಡು ಹೋದ್ರು. ಇಂಗರ್ ಒಂದ್ಸಲ ಮನೆ ನಾರುತ್ತೆ ಅಂದ್ಲು. ಆಗಿಂದ ಅವಳು ಬರೋಕೆ ಮುಂಚೆ ಎಲ್ಲ ಒಗೆದು ಹಾಕ್ಬಿಡ್ತೀನಿ. ಕೊಳಕರು ಅಂತ ಬರ್ಕೋತಾರೆ ಅಂತ ಅತ್ತೆ..."

ಬಾಗಿಲ ಹಿಂದೆ ಬಟ್ಟೆಯ ಬಕೆಟ್ಟು. ಮುಚ್ಚಳ ಎತ್ತಿದೆ.

ಆ ಹುಳಿ ವಾಸನೆ. ಯಾರೂ ನನಗೆ ವಿವರಿಸಬೇಕಾಗಿಲ್ಲ. ಅದು ನನ್ನದು. ಹಾಸ್ಟೆಲಿನ ಶನಿವಾರದ್ದು.

"ಭಾನುವಾರ ಸೋಮವಾರ ಜಾಸ್ತಿ" ಅಂದಳು ತುಪಾರ್ನಾ. "ಅದ್ಯಾಕೋ ಗೊತ್ತಿಲ್ಲ."

ನನಗೆ ಗೊತ್ತು. ಪೀಚ್. ಜೇಬಿನಲ್ಲಿ ಬೆಚ್ಚಗೆ ಮಾಡಿ, ನನ್ನ ಕೈಯಿಂದಲೇ, ಚಮಚೆ ಚಮಚೆಯಾಗಿ. ಹೆಸರಿನ ನಾಲಿಗೆಗೆ ಕೊಡುತ್ತಿದ್ದೆ. ಹೊಟ್ಟೆ ಯಾರದೆಂದು ಯೋಚಿಸಲಿಲ್ಲ.

ಸಕ್ಕರೆ ನಿಲ್ಲಿಸು ಎಂದೆ. ನನಗೂ ಆಗುವುದಿಲ್ಲ, ಹುಟ್ಟಿದಾಗಿನಿಂದ ಆಗುವುದಿಲ್ಲ, ನಮ್ಮ ವಂಶದ್ದಿರಬೇಕು ಎಂದೆ. ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ನಿಮ್ಗೆ? ಕೂಟಕ್ಕೆ ಬಂದು ತಟ್ಟೆ ತುಂಬ ಕೇಕ್ ತಿನ್ನೋ ನಿಮ್ಗೆ?" ನಕ್ಕಳು. ಮರುಕ್ಷಣ ಮುಖ ಕಪ್ಪಿಟ್ಟಿತು. "ಇದು ತಮಾಷೆ ಮಾಡೋ ಹೊತ್ತಾ ದೊಡ್ಡಪ್ಪ?"

ಜೇಬಿನ ಕಥೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮಾಲಿಯಾ ಬಂದಳು. ಮುಚ್ಚಿಕೊಂಡೆ.

ಏಪ್ರಿಲ್ 4

ಇಂಗರ್ ಬಳಿಗೆ ಹೋದೆ. ಮಗುವಿಗೆ ಭೇದಿ ಆಗುತ್ತಿದೆ ಎಂದೆ. ಅವಳು ಡಾಕ್ಟರ್ ಬರೆದ ಕಾಗದ ತೆಗೆದು ತೋರಿಸಿದಳು. "ಗಟ್ಟಿ. ದಿನಕ್ಕೆ ಒಂದು. ಇದು ನಿಮ್ಮ ಬಾಯಿಂದಲೇ ಬಂದ ಉತ್ತರ. ಈಗ ಅತ್ತೆ ಸೊಸೆ ಹೇಳಿಕೊಟ್ಟು ಕಳುಹಿಸಿದರೆ ನಂಬಬೇಕೇ?"

ಅದು ಕುರ್ಚಿಯ ಬಗ್ಗೆ ಎನ್ನಬೇಕಿತ್ತು. ನಾಲ್ಕು ಮಾತು. ಇವಳು ನಗುತ್ತಾಳೆ, ಊರಿಗೆ ಹೇಳುತ್ತಾಳೆ, ಇಡೀ ತೀರಕ್ಕೆ ಹೇಳುತ್ತಾಳೆ... ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು...

ಸಕ್ಕರೆ ಕೊಡಬೇಡ ಎಂದಷ್ಟೇ ಅಂದೆ. "ಈ ಚಳಿಯಲ್ಲಿ ಸಕ್ಕರೆ ಇಲ್ಲದೆ ಮಗು ಹೇಗೆ ಬದುಕುತ್ತದೆ?" ಅಂದಳು. ಸಿಟ್ಟಿನಿಂದಲ್ಲ. ಕಣ್ಣು ಕೆಂಪಗಿತ್ತು. ನಾಳೆಯಿಂದ ತಾನೇ ದಿನವೂ ಹೋಗಿ ಗಂಜಿ ತಿನ್ನಿಸುತ್ತಾಳಂತೆ, ಮಗು ಇಲ್ಲೇ ಉಳಿಯಲಿ ಎಂದು. ಹೆಚ್ಚು ಸಿಹಿ ಹಾಕಿ.

ಏಪ್ರಿಲ್ 19, ಈಸ್ಟರ್

ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತೆ. ತುಪಾರ್ನಾ ಮಗುವನ್ನು ತಂದಿದ್ದಳು. ಬಗ್ಗಿ ಮೀಸೆ ಕೊಟ್ಟೆ. ಹಿಡಿಯಲಿಲ್ಲ. ಕೈ ಎತ್ತುವಷ್ಟು...

ಏಪ್ರಿಲ್ 22, ಬುಧವಾರ

ಬರೆಯುತ್ತೇನೆ. ಬೇಗ ಬರೆದು ಮುಗಿಸುತ್ತೇನೆ.

ಹೆಲಿಕಾಪ್ಟರ್ ಬೆಳಿಗ್ಗೆಯೇ ಬಂತು. ಅಧಿಕಾರಿ ಹೆಂಗಸು, ಜೊತೆಗೆ ಡಾಕ್ಟರ್ ಹಾರ್ಮ್. ನಾನು ಕರೆಯದೆಯೇ ಹೋದೆ. ಅಡುಗೆಮನೆಯಲ್ಲಿ ಎಲ್ಲರೂ. ಇಂಗರ್ ಕಿಟಕಿ ಹತ್ತಿರ. ಪಾವಿಯಾ ಬಾಗಿಲಲ್ಲಿ, ಕೈಯಲ್ಲಿ ಮಗುವಿನ ಬಟ್ಟೆಯ ಚೀಲ. ಹಿಮದ ಮೇಲೆ ಕರಡಿ ಬಂದರೂ ಹೆದರದ ಹುಡುಗ, ಚೀಲವನ್ನು ಯಾರ ಕೈಗೆ ಕೊಡಬೇಕೋ ತಿಳಿಯದೆ ನಿಂತಿದ್ದ. ತುಪಾರ್ನಾ ಮಗುವಿಗೆ ಟೋಪಿ ಹಾಕುತ್ತಿದ್ದಳು. ಟೋಪಿಯ ದಾರ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು.

"ಸರ್" ಎಂದೆ. "ಐ ಮೇಡ್ ಎ ಮಿಸ್ಟೇಕ್. ಸ್ಟೂಲ್. ಐ ಥಾಟ್... ಫರ್ನಿಚರ್."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಡುಗೆಮನೆಯ ಬೆಂಚು ತಟ್ಟಿ ತೋರಿಸಿದೆ. ಒನ್. ಫರ್ಮ್. ಅವರ ಬಾಯಿ ತೆರೆದೇ ಇತ್ತು. ಆಮೇಲೆ ನಿಧಾನವಾಗಿ, ಮಗುವನ್ನು ಕೇಳುವಂತೆ ಕೇಳಿದರು. ಹಾಗಾದರೆ ನಿಜವಾಗಿ? ಲೂಸ್?

"ಲೂಸ್, ಸರ್. ವಾಟರ್. ಅಂಡ್ ಐ ಆಲ್ಸೊ, ಸರ್. ಶುಗರ್. ಆಲ್ ಮೈ ಲೈಫ್."

ಡಾಕ್ಟರ್ ಕುರ್ಚಿ ಎಳೆದು ಕುಳಿತರು. ಇಲ್ಲಿನ ಕೆಲವರ ಹೊಟ್ಟೆಯಲ್ಲಿ ಸಕ್ಕರೆ ಒಡೆಯುವ ಎನ್‌ಜೈಮ್ ಇರುವುದಿಲ್ಲ ಎಂದು ಎಲ್ಲೋ ಓದಿದ್ದೇನೆ ಅಂದರು. ಓದಿದ್ದಷ್ಟೇ, ನೋಡಿಲ್ಲ. ಮಗುವಿನ ಸ್ವಂತ ದೊಡ್ಡಜ್ಜನಿಗೂ ಇದ್ದರೆ... ಎಂದು ನಿಲ್ಲಿಸಿ, "ಟೆಲ್ ದೆಮ್" ಅಂದರು.

ದೆಮ್. ಅಂದರೆ ಅಮಾಲಿಯಾ.

"ಏನಂತೆ?" ಅಂದಳು ಅವಳು.

ಹೇಳಿದೆ. ಮೆದು ಮಾಡದೆ, ಬೇರೆ ಪದ ಹುಡುಕದೆ. ಕಾಯಿಲೆಯವರು ನರ್ಸಿಗೆ ಪಿಸುಗುಟ್ಟುವ ಆ ಪದವನ್ನೇ, ನನ್ನ ಹೆಸರಿನ ಜೊತೆ ಸೇರಿಸಿ.

"ಸುಳ್ಳು" ಅಂದಳು ಅಮಾಲಿಯಾ. "ಹೆಂಡ್ತೀನ ಉಳಿಸ್ಕೊಳ್ಳೋಕೆ ಬಾಯಿಗೆ ಬಂದಿದ್ದು ಹೇಳ್ತಿದಾರೆ. ನನ್ನ ಕೈಯಿಂದ ಎಷ್ಟು ಕೇಕ್ ತಿಂದಿಲ್ಲ ಈ ಮನುಷ್ಯ!"

"ತಿಂದಿಲ್ಲ."

"ಮತ್ತೆ?"

"ನಾಯಿಗಳು."

ಬಾಗಿಲಿನಿಂದ ಪಾವಿಯಾ ಹೇಳಿದ, "ಅದಕ್ಕೇ ನಮ್ಮ ನಾಯಿ ಬಂಡಿ ಎಳೆಯಲ್ಲ, ಮೇಷ್ಟ್ರ ಬಾಗ್ಲ ಕಡೆ ಎಳೆಯುತ್ತೆ." ಅಮಾಲಿಯಾ ನಗಲಿಲ್ಲ. ನನ್ನನ್ನು ನೋಡುತ್ತಿದ್ದಳು. ಎಷ್ಟು ಭಾನುವಾರಗಳ ಕೇಕ್ ಲೆಕ್ಕ ಹಾಕುತ್ತಿದ್ದಳೋ.

ಅಧಿಕಾರಿ ಗಡಿಯಾರ ನೋಡಿ ಡ್ಯಾನಿಶ್‌ನಲ್ಲಿ ಅಂದಳು: ಒಬ್ಬ ಮುದುಕ ಹೇಳಿದ ಮಾತ್ರಕ್ಕೆ ತೀರ್ಮಾನ ಬದಲಾಗುವುದಿಲ್ಲ. ಸರಿಯಾಗಿಯೇ ಹೇಳಿದಳು. ಒಮ್ಮೆ ಗಟ್ಟಿ, ಒಮ್ಮೆ ನೀರು ಅನ್ನುವವನ ಮಾತು ಯಾರು ನಂಬುತ್ತಾರೆ? ಮಗುವಿನ ಮೇಲೆ ಪ್ರಯೋಗ ಮಾಡುವ ಸ್ಥಿತಿಯಿಲ್ಲ ಅಂದರು ಡಾಕ್ಟರ್. ಅಂದು, ನನ್ನ ಕಡೆ ನೋಡಿದರು.

ಸಕ್ಕರೆ ಬಟ್ಟಲು ಮೇಜಿನ ಮೇಲೇ ಇತ್ತು. ಒಂದು ಗ್ಲಾಸು ಬಿಸಿನೀರು. ಡಾಕ್ಟರ್ ಚಮಚೆ ಮೇಲೆ ಚಮಚೆ ಹಾಕುತ್ತ ಹೋದರು. ಕುಡಿದೆ. ಸಿಹಿ... ಚೆನ್ನಾಗಿಯೇ ಇರುತ್ತದೆ, ಅದೇ ದುಃಖ.

ಕುಳಿತೆವು. ಹೆಲಿಕಾಪ್ಟರಿನವನು ಬಂದು ಎಷ್ಟು ಹೊತ್ತು ಎಂದು ಕೇಳಿ ಹೋದ. ಮತ್ತೆ ಬಂದ. ಇಂಗರ್ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು, ಒಲೆಯ ಮೇಲಿನ ಹಾಲು ನೋಡುವಂತೆ. ಎಂದಾದರೂ ಬಾ ಎಂದು ನಾನು ಅದನ್ನು ಬೇಡಿಕೊಂಡವನಲ್ಲ. ಇಂದು ಬೇಡಿಕೊಂಡೆ. ಅರವತ್ತೆಂಟು ವರ್ಷ ಮಾನ ತೆಗೆದಿದ್ದೀಯ, ಇವತ್ತು ಬಾರದೆ ಮಾನ ತೆಗೆಯಬೇಡ.

ಬಂತು. ಮೊದಲು ಸದ್ದು. ಕೋಣೆಗೆಲ್ಲ ಕೇಳುವಂತೆ. ಅಧಿಕಾರಿ ಹಾಳೆ ತಿರುವುವುದನ್ನು ನಿಲ್ಲಿಸಿದಳು.

ಆ ಮನೆಯಲ್ಲಿ ಪಾಯಖಾನೆ ಎಂದರೆ ಅಡುಗೆಮನೆಯ ಮೂಲೆಯಲ್ಲಿ ಪ್ಲೈವುಡ್ ಬಾಗಿಲ ಹಿಂದಿನ ಬಕೆಟ್ಟು. ಓಡಿದೆ. ಪೂರ್ತಿ ತಲುಪಲಿಲ್ಲ. ಇಷ್ಟು ಸಾಕು. ಪ್ಲೈವುಡ್ ಎಷ್ಟು ತೆಳುವೆಂದು ಎಲ್ಲರಿಗೂ ಗೊತ್ತು.

ಒಳಗೆ ಕುಳಿತಿದ್ದಾಗ ಅಮಾಲಿಯಾ ಎದ್ದು ರೇಡಿಯೋ ಜೋರು ಮಾಡಿದ್ದು ಕೇಳಿಸಿತು. ಹವಾಮಾನ ವರದಿ. ಗ್ರೀನ್‌ಲ್ಯಾಂಡಿನ ಇಡೀ ಪಶ್ಚಿಮ ತೀರದ ಗಾಳಿಯ ವೇಗ, ಒಂದೂ ಊರು ಬಿಡದೆ, ಗಟ್ಟಿಯಾಗಿ.

ಹೊರಬಂದಾಗ ಪಾವಿಯಾನ ಪ್ಯಾಂಟು ಬಾಗಿಲಿಗೆ ನೇತುಹಾಕಿತ್ತು. ಯಾರೂ ನನ್ನನ್ನು ನೋಡಲಿಲ್ಲ. ಮಗುವಿನ ತಲೆಯ ಮೇಲೆ ಟೋಪಿ ಇರಲಿಲ್ಲ.

ಏಪ್ರಿಲ್ 23

ಅಧಿಕಾರಿ ಬರಿಗೈಯಲ್ಲಿ ಹಿಂದಿರುಗಿದಳು. ಆದರೆ ಮುಗಿದಿಲ್ಲ. ಮೇ 13ಕ್ಕೆ ಮತ್ತೆ ತೂಕ. ಅಲ್ಲಿಯವರೆಗೆ ಸಕ್ಕರೆಯ ಕಣವೂ ಇಲ್ಲ. ಹಣ್ಣಿನ ಗಂಜಿ ಇಲ್ಲ, ಸಿರಪ್ ಇಲ್ಲ. ತಾಯಿ ಹಾಲು, ಮೀನು, ಸೀಲ್ ಸಾರು, ಕೊಬ್ಬು. ತೂಕ ಏರಿದರೆ ಮಗು ಇಲ್ಲೇ. ಏರದಿದ್ದರೆ ಅವಳು ಮತ್ತೆ ಬರುತ್ತಾಳೆ, ಆಗ ನನ್ನ ಯಾವ ಗ್ಲಾಸೂ ಉಪಯೋಗಕ್ಕೆ ಬಾರದು.

ಇಂಗರ್ ಮನೆಗೆ ಬಂದಿದ್ದಳು. ಮಾತ್ರೆ ಕೊಟ್ಟಳು. ನಿಂತೇ ಇದ್ದಳು. "ನಾನು ದಿನವೂ ಹೋಗಿ ತಿನ್ನಿಸಿದೆ" ಅಂದಳು. "ಹೆಚ್ಚು ಹಾಕಿ ತಿನ್ನಿಸಿದೆ." ಪುಸ್ತಕದ ಭಾಷೆಯಲ್ಲೇ ಅಂದಳು. ಆದರೆ ಕೊನೆಯ ಪದ ಒಡೆಯಿತು.

ನಾನೂ ತಿನ್ನಿಸಿದೆ ಎಂದೆ. ಕಾಫಿ ಮಾಡಲೇ ಎಂದೆ. ಬೇಡ ಅಂದಳು.

ಮೇ 3, ಭಾನುವಾರ

ಚರ್ಚಿಗೆ ಹೋಗಿಲ್ಲ. ಹೋದ ವಾರವೂ. ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ, ಆಮೇಲೆ ಕೆಮ್ಮು. ಮಕ್ಕಳು ಕಿಟಕಿಯ ಕೆಳಗೆ ನಿಂತು, "ಓಡಿ ಮೇಷ್ಟ್ರೇ, ಓಡಿ!" ಹಾಸ್ಟೆಲಿನ ಹೆಸರು ಇವರಿಗೆ ಯಾರೂ ಹೇಳಿರಲಾರರು. ತಾವಾಗಿಯೇ ಕಂಡುಹಿಡಿದಿದ್ದಾರೆ. ಇಂಗ್ಲಿಷಿನಲ್ಲೂ ಒಬ್ಬ ಕೂಗಿದ—ವೆರಿ ಫರ್ಮ್, ಸರ್! ಉಚ್ಚಾರ ಸರಿಯಾಗಿತ್ತು.

ಹೆಂಡತಿಯನ್ನು ನೋಡಲು ಹೋಗಿಲ್ಲ. ಏನು ಒಯ್ಯಲಿ? ಕಪಾಟಿನಲ್ಲಿ ಇನ್ನೂ ಐದಾರು ಡಬ್ಬ ಪೀಚ್. ಬೊಲೆಟ್ ಎಂದರೆ ಪೀಚ್, ಪೀಚ್ ಎಂದರೆ ಬೊಲೆಟ್ ಅಂದುಕೊಂಡಿದ್ದೆ. ಪೀಚ್ ಆಗದ ಮಗು ಬೊಲೆಟ್ ಹೇಗಾದಾಳು? ಈ ಯೋಚನೆಯನ್ನು ಯಾರಿಗೂ ಹೇಳುವಂತಿಲ್ಲ. ಹೆಸರು ಕೊಟ್ಟವರಿಗೆ ಅವಮಾನ.

ಸಂಜೆ ತುಪಾರ್ನಾ ತಾನೇ ಬಂದಳು. ಬೂಟು ಬಿಚ್ಚಿಯೇ ಬಂದಳು.

"ಹೆಂಡ್ತಿ ನೋಡೋಕೆ ಬರಲ್ವಾ?"

"ಯಾವ ಮುಖ ಇಟ್ಕೊಂಡು ಬರ್ಲಿ?"

"ಅವಳೇನು ಮುಖ ನೋಡ್ತಾಳಾ, ಮೀಸೆ ನೋಡ್ತಾಳೆ." ನನ್ನೆದುರು ಕುಳಿತು, "ಹೆಸ್ರು ದೊಡ್ಡಮ್ಮಂದು, ಹೊಟ್ಟೆ ನಿಮ್ದು" ಅಂದಳು. "ಇಬ್ರೂ ಇದೀರಿ ಅಂದ್ಕೊಂಡೆ ನಾನು. ನೀವು ನೋಡಿದ್ರೆ ಇಬ್ರನ್ನೂ ಬಿಟ್ಟು ಇಲ್ಲಿ ಕೂತಿದೀರಿ."

ಮಗು ಹೇಗಿದೆ ಎಂದು ಕೇಳಿದೆ. ಹುಣ್ಣು ಒಣಗುತ್ತಿದೆಯಂತೆ. ತೂಕ? ಗೊತ್ತಿಲ್ಲ. ಎತ್ತಿಕೊಂಡೇ ಇರುವವರಿಗೆ ತಿಳಿಯುವುದಿಲ್ಲ.

"ಅತ್ತೆ ನಿಮ್ಮ ಮೇಲೆ ಸಿಟ್ಟಾಗಿದಾರೆ. ಕೇಕಿಗೆ."

"ಗೊತ್ತು."

"ಅವ್ರ ತಮ್ಮನೂ ಹಿಂಗೇ ಇದ್ನಂತೆ. ಚಿಕ್ಕೋನಿದ್ದಾಗ್ಲೇ ಹೋದ್ನಂತೆ. ಮೊನ್ನೆ ಮೀನು ಕುಯ್ತಾ ಕುಯ್ತಾ ಹೇಳಿದ್ರು."

ಮೇ 13, ಬುಧವಾರ

ಬೆಳಿಗ್ಗೆ ತೂಕ. ಬನ್ನಿ ಅಂದಿದ್ದಳು ತುಪಾರ್ನಾ. ಕೋಟು ಹಾಕಿಕೊಂಡೆ. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅರ್ಧ ಊರು. ಕೋಟು ಬಿಚ್ಚಿದೆ. ಕಿಟಕಿ ಬಳಿ ಕುಳಿತು ಬರೆಯುತ್ತಿದ್ದೇನೆ. ಇಲ್ಲಿಂದ ಕ್ಲಿನಿಕ್ಕಿನ ಬಾಗಿಲು ಕಾಣುತ್ತದೆ.

ಹಿಮ ಮೆತ್ತಗಾಗಿದೆ. ಪಾವಿಯಾ ಬಂಡಿಯ ಮೇಲೆ ಕುಳಿತಿದ್ದಾನೆ, ನಾಯಿಗಳ ಪಟ್ಟಿಯನ್ನು ಗಂಟು ಹಾಕುತ್ತ. ಹೆಲಿಕಾಪ್ಟರ್ ಇನ್ನೂ ಬಂದಿಲ್ಲ. ತೂಕ ಎಷ್ಟೆಂದು ಇಂಗರ್ ರೇಡಿಯೋ ಫೋನಿನಲ್ಲಿ ಹೇಳುತ್ತಾಳೆ, ಅದರ ಮೇಲೆ ಅಧಿಕಾರಿ ಹೊರಡುವುದು, ಹೊರಡದಿರುವುದು.

ಇಷ್ಟು ಹೊತ್ತು ಯಾಕೆ? ಮಗುವನ್ನು ತಕ್ಕಡಿಯಲ್ಲಿ ಇಡಲು ಇಷ್ಟು ಹೊತ್ತು ಬೇಕೇ? ಇಂಗರ್ ಎರಡೆರಡು ಸಲ ತೂಗುತ್ತಾಳೆ. ಕಡಿಮೆ ಬಂದರೂ ಎರಡು ಸಲ, ಹೆಚ್ಚು ಬಂದರೂ ಎರಡು ಸಲ.

ಬಾಗಿಲು ತೆರೆಯಿತು. ತುಪಾರ್ನಾ. ಮುಖ ಕಾಣುತ್ತಿಲ್ಲ, ಬಿಸಿಲು ಹಿಮಕ್ಕೆ ಹೊಡೆದು ಕಣ್ಣು ಕುಕ್ಕುತ್ತಿದೆ. ಅವಳ ಹಿಂದೆ ಅಮಾಲಿಯಾ. ಯಾರೂ ಏನೂ ಕೂಗುತ್ತಿಲ್ಲ. ಪಾವಿಯಾ ಎದ್ದು ನಿಂತ. ತುಪಾರ್ನಾ ಮಗುವನ್ನು ಅಮಾಲಿಯಾಳ ಕೈಗೆ ಕೊಟ್ಟಳು. ಯಾಕೆ ಕೊಟ್ಟಳು? ತನ್ನ ಕೈಯಲ್ಲಿ ಆಗದೆಯೇ?

ಅಮಾಲಿಯಾ ಮಗುವನ್ನು ಎತ್ತಿದಳು. ಎತ್ತಿ—ಮಂಡಿ ಕುಸಿದಳು. ಬಿದ್ದಳೇ? ಇಲ್ಲ. ಮತ್ತೆ ಎದ್ದಳು, ಮತ್ತೆ ಕುಸಿದಳು. ಸೊಂಟದ ಮೇಲೆ ಕೈಯಿಟ್ಟು ತೂರಾಡುತ್ತಿದ್ದಾಳೆ, ದೊಡ್ಡ ಸೀಲ್ ಹೊತ್ತ ಗಂಡಸಿನ ಹಾಗೆ. ಭಾರ ತಾಳಲಾರೆ ಎನ್ನುವಂತೆ ಪಾವಿಯಾನ ಭುಜಕ್ಕೆ ಒರಗಿದಳು. ಮೆಟ್ಟಿಲ ಮೇಲಿನ ಜನ ಎಲ್ಲ ನಗುತ್ತಿದ್ದಾರೆ. ಇಂಗರ್ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ.

ಈಗ ಎಲ್ಲರೂ ಈ ಕಡೆ ತಿರುಗಿದ್ದಾರೆ. ನನ್ನ ಕಿಟಕಿ ಕಡೆಗೇ. ಅಮಾಲಿಯಾ ಏನೋ ಕೂಗುತ್ತಿದ್ದಾಳೆ, ಎರಡು ಪದರದ ಗಾಜು, ಕೇಳುವುದಿಲ್ಲ. ಮಗುವಿನ ಕೈ ಹಿಡಿದು ಆಡಿಸಿ ಕರೆಯುತ್ತಿದ್ದಾಳೆ. ಅಷ್ಟು ಜನರ ನಡುವೆ ಹೇಗೆ ಹೋಗಲಿ... ನಾಚಿಕೆ... ಕೋಟು ಎಲ್ಲಿಟ್ಟೆ. ಒಂದು ಬೂಟು ಸಿಕ್ಕಿತು, ಇನ್ನೊಂದು